ಗೇಣಿ ಗದ್ದೆಯಿಂದ ಬಾಡಿಗೆ ಮನೆಗೆ

ಭಟ್ಕಳ, ಹೊನ್ನಾವರ, ಕುಮಟಾದ ಬಾಡಿಗೆ ಮನೆಗಳ ಚರಿತ್ರೆ ಶುರುವಾಗುವುದು ಗದ್ದೆಯಲ್ಲಿ. ಪೇಟೆಯಂಚಿನಲ್ಲಿ ಇಂದು ಬಡಾವಣೆ ಎದ್ದಿರುವ ಎಷ್ಟೋ ಜಾಗ ಹಿಂದೆ ಗೇಣಿ ಗದ್ದೆಯಾಗಿತ್ತು, ಇಲ್ಲವೇ ಬೇಣವಾಗಿತ್ತು.

ಗೇಣಿಯಲ್ಲಿ ಮುಖ್ಯವಾಗಿ ಎರಡು ಬಗೆ. ಮೂಲಗೇಣಿಯ ಹಕ್ಕು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತಿತ್ತು, ಗೇಣಿಯ ಮೊತ್ತವೂ ಖಾಯಂ. ಚಾಲಗೇಣಿಯವನಿಗೆ ಆ ಭದ್ರತೆ ಇರಲಿಲ್ಲ. ಒಡೆಯರು ಗೇಣಿ ಏರಿಸಬಹುದಿತ್ತು, ಗದ್ದೆ ಬಿಡಿಸಲೂಬಹುದಿತ್ತು. ಹೊನ್ನಾವರ ತಾಲೂಕಿನಲ್ಲಿದ್ದ ನನ್ನಜ್ಜ ಚಾಲಗೇಣಿಯವನು. ಕೊಯ್ಲು ಮುಗಿದ ಮೇಲೆ ಒಡೆಯರ ಅಂಗಳದಲ್ಲಿ ಭತ್ತ ಅಳೆದುಕೊಟ್ಟು ಬರುತ್ತಿದ್ದ. ಅಳೆಯುವ ಕೊಳಗ ಅವರದು, ಲೆಕ್ಕದ ಪುಸ್ತಕವೂ ಅವರದು. ಅಜ್ಜನ ಕೈಗೆ ಒಂದು ಚೀಟಿಯೂ ಬರುತ್ತಿರಲಿಲ್ಲ. ಬಾಕಿ ಇದೆ ಎಂದು ಒಡೆಯರು ಹೇಳಿದರೆ ಮುಗಿಯಿತು, ಇಲ್ಲ ಎನ್ನಲು ಆಧಾರವೇ ಇರುತ್ತಿರಲಿಲ್ಲ.

ಈ ಅನ್ಯಾಯದ ವಿರುದ್ಧ ಜಿಲ್ಲೆಯ ರೈತರನ್ನು ಸಂಘಟಿಸಿದವರು ದಿನಕರ ದೇಸಾಯಿ. ಅದಕ್ಕಾಗಿ 1940ರಲ್ಲಿ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. ಕೊನೆಗೆ ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು 7ನೇ ನಮೂನೆಯ ಅರ್ಜಿ ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತರು. ಪಹಣಿಯಲ್ಲಿ ಹೆಸರಿದ್ದವರ ಕೆಲಸ ಸಲೀಸಾಯಿತು. ನಮ್ಮ ಅಪ್ಪನಿಗೆ ಆಧಾರವಾಗಿದ್ದದ್ದು ನೆರೆಹೊರೆಯವರ ಬಾಯಿಮಾತು ಮಾತ್ರ. ಅವರು ಬಂದು ಸಾಕ್ಷಿ ಹೇಳಿದ್ದರಿಂದ ಗದ್ದೆ ನಮ್ಮದಾಯಿತು.

ಆ ಗದ್ದೆಯ ಅನ್ನದಲ್ಲಿ ಓದಿ ನಾನು ಶಿಕ್ಷಕಿಯಾದೆ. 1980ರ ದಶಕದಲ್ಲಿ ಕುಮಟಾಕ್ಕೆ ವರ್ಗವಾದಾಗ ಒಂದು ಹೆಂಚಿನ ಮನೆಯ ಹಿಂಭಾಗದಲ್ಲಿ ಎರಡು ಕೋಣೆ ಹಿಡಿದೆ. ಬಾವಿ ಮನೆಯವರದೂ ನಮ್ಮದೂ ಒಂದೇ. ತಿಂಗಳ ಬಾಡಿಗೆ 150 ರೂಪಾಯಿ, ಕರಾರು ಬರೀ ಬಾಯಲ್ಲಿ. ಆಗ ಬಾಡಿಗೆಗೆ ಇರುತ್ತಿದ್ದವರು ಹೆಚ್ಚಾಗಿ ನನ್ನಂಥ ಮಾಸ್ತರರು, ಬ್ಯಾಂಕಿನವರು, ಕಚೇರಿಯವರು.

ಮುಂದೆ ಊರಿನ ನಕಾಶೆಯೇ ಬದಲಾಯಿತು. ಭಟ್ಕಳಕ್ಕೆ ಕೊಲ್ಲಿ ದೇಶಗಳ ದುಡಿಮೆಯ ಹಣ ಬಂತು. ಹಳೆಯ ಪೇಟೆಯಾಚೆ ಜಾಲಿ, ಹೆಬಳೆಯ ಕಡೆಗೆ ಮನೆಗಳು ಹಬ್ಬಿದವು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿತು. ಹೊನ್ನಾವರದ ಪ್ರಭಾತನಗರದಂಥ ಕಡೆ ಕಾಲೇಜು ಮಕ್ಕಳಿಗೂ ಕೋಣೆ ಬೇಕಾಯಿತು. ದೂರದಲ್ಲಿ ದುಡಿದ ಹಣ ನಿವೇಶನದ ಬೆಲೆ ಏರಿಸಿತು, ಬಾಡಿಗೆಯೂ ಅದರ ಬೆನ್ನು ಹತ್ತಿತು. ಊರಲ್ಲೇ ದುಡಿಯುವವನ ಸಂಬಳ ಮಾತ್ರ ಹಿಂದೆ ಬಿತ್ತು.

ಈಗಿನ ಕರಾರಿಗೆ 11 ತಿಂಗಳು. ವರ್ಷ ಮೀರಿದ ಭೋಗ್ಯಪತ್ರವನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಆ ಖರ್ಚು ತಪ್ಪಿಸಲು ಹಿಡಿದ ದಾರಿ ಇದು. ಪ್ರತಿ ಸಲ ಮುಗಿದಾಗಲೂ ಬಾಡಿಗೆ ಏರುತ್ತದೆ, ಒಪ್ಪದವರು ಗಂಟುಮೂಟೆ ಕಟ್ಟಬೇಕು. ಅಜ್ಜನ ಚಾಲಗೇಣಿಯೂ ಹೀಗೇ ಇತ್ತು. ಮಾಲಕರಿಗೂ ಒಂದು ಅಂಜಿಕೆ: ಬಹಳ ವರ್ಷ ಇದ್ದವನು ಮನೆ ತನ್ನದೇ ಎಂದಾನು ಎಂದು. ಗೇಣಿ ಗದ್ದೆ ಕಳೆದುಕೊಂಡ ಒಡೆಯರ ಮನೆತನಗಳಲ್ಲಿ ಈ ಅಂಜಿಕೆ ಇನ್ನೂ ಹೋಗಿಲ್ಲ. ಆದರೆ ಉಳುವವನೇ ಒಡೆಯ ಎಂದ ಆ ಕಾನೂನು ಕೃಷಿಭೂಮಿಯದು. ಬಾಡಿಗೆ ಮನೆಗೆ ಅನ್ವಯಿಸುವುದಿಲ್ಲ.

ಅಜ್ಜನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಆದ್ದರಿಂದ ಬಾಡಿಗೆಗೆ ಇರುವವರಲ್ಲಿ ನನ್ನದೊಂದು ವಿನಂತಿ. ನಗದು ಕೊಟ್ಟರೆ ರಶೀದಿ ಕೇಳಿ, ಮುಂಗಡದ ಮೊತ್ತವನ್ನು ಕರಾರಿನಲ್ಲಿ ಬರೆಸಿ. ಮಾಲಕರೇ, ಕೇಳುವ ಮೊದಲೇ ಬರೆದುಕೊಡಿ. ಆ ಕಾಗದ ನಿಮ್ಮನ್ನೂ ಕಾಯುತ್ತದೆ.