ಬರೆಯುತ್ತ ಬರೆಯುತ್ತ ಕ್ರಿಸ್ತನನ್ನು ಅರಿತವರು



ಕಳೆದ ಲೆಂಟ್ ದಿನಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ಅವನ ತಲೆಯೂ ನರೆತಿದೆ. ಊರಿನ ಸುದ್ದಿ, ಮಕ್ಕಳ ಸುದ್ದಿ ಎಲ್ಲ ಮುಗಿದ ಮೇಲೆ ಎದ್ದು ಹೊರಟವನು ಬಾಗಿಲ ಬಳಿ ನಿಂತು ಹೇಳಿದ: "ಸರ್, ಸಂಡೇ ಸ್ಕೂಲಿನಲ್ಲಿ ವರ್ಷವರ್ಷವೂ ಬಹುಮಾನ ತೆಗೆದುಕೊಂಡವನು ನಾನು. ಕ್ರಿಸ್ತನ ವಿಷಯ ಏನು ಕೇಳಿದರೂ ಹೇಳಬಲ್ಲೆ. ಆದರೆ ಪ್ರಾರ್ಥನೆಗೆ ಮೊಣಕಾಲೂರಿದರೆ ಯಾರೊಡನೆ ಮಾತನಾಡುತ್ತಿದ್ದೇನೆ ಎಂಬುದೇ ತಿಳಿಯುವುದಿಲ್ಲ. ಏನು ಮಾಡಲಿ?"

ಅಂದು ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ನಾನು ಪಾದ್ರಿಯಲ್ಲ, ಚರಿತ್ರೆಯ ಮೇಷ್ಟ್ರು. ಆದ್ದರಿಂದ ಚರಿತ್ರೆಯ ಒಂದು ಪುಟವನ್ನೇ ಉತ್ತರವಾಗಿ ಬರೆಯುತ್ತಿದ್ದೇನೆ. ಈ ಪ್ರಶ್ನೆ ಅವನೊಬ್ಬನದಲ್ಲ. ಆರು ನೂರು ವರ್ಷಗಳ ಹಿಂದೆ ಒಂದು ಊರಿನ ಜನ ಇದೇ ಪ್ರಶ್ನೆಯನ್ನು ಕೇಳಿಕೊಂಡು, ತಮ್ಮ ಬದುಕಿನಿಂದಲೇ ಅದಕ್ಕೆ ಉತ್ತರ ಬರೆದರು.

ಆ ಊರು ಇಂದಿನ ನೆದರ್ಲೆಂಡ್ಸ್ ದೇಶದ ಡೆವೆಂಟರ್. ಐಸೆಲ್ ನದಿಯ ದಡದ ವ್ಯಾಪಾರದ ಪಟ್ಟಣ. ಅಲ್ಲಿ 1340ರಲ್ಲಿ ಸಿರಿವಂತರ ಮನೆಯಲ್ಲಿ ಗೀರ್ಟ್ ಗ್ರೋಟ್ ಎಂಬಾತ ಜನಿಸಿದ. ಹತ್ತು ವರ್ಷದವನಿದ್ದಾಗ ಮಹಾಮಾರಿ ಪ್ಲೇಗು ತಂದೆತಾಯಿಗಳಿಬ್ಬರನ್ನೂ ಕೊಂಡೊಯ್ದಿತು. ಬುದ್ಧಿವಂತನಾದ ಹುಡುಗ ಪ್ಯಾರಿಸ್ಸಿನಲ್ಲಿ ಓದಿ ಪಂಡಿತನಾದ. ಚರ್ಚಿನಿಂದ ವರಮಾನ ಬರುವ ಪದವಿಗಳನ್ನೂ ಗಳಿಸಿಕೊಂಡ. ಕ್ರಿಸ್ತನ ಹೆಸರಿನಲ್ಲಿ ಉಣ್ಣುತ್ತಿದ್ದವನಿಗೆ ಕ್ರಿಸ್ತನ ಪರಿಚಯ ಮಾತ್ರ ಇರಲಿಲ್ಲ. 1374ರ ಹೊತ್ತಿಗೆ ಅವನ ಬದುಕು ತಿರುಗಿತು. ಪದವಿಗಳನ್ನು ಬಿಟ್ಟ. ತನ್ನ ಮನೆಯನ್ನು, ತನಗೆಂದು ಸ್ವಲ್ಪ ಜಾಗ ಇಟ್ಟುಕೊಂಡು, ಬಡ ಸ್ತ್ರೀಯರ ವಾಸಕ್ಕೆ ಬಿಟ್ಟುಕೊಟ್ಟ. ಕೆಲವು ಕಾಲ ಮಠವೊಂದರಲ್ಲಿ ಮೌನವಾಗಿದ್ದು, ಬಳಿಕ ಊರೂರು ಸುತ್ತಿ ಜನರ ಮಾತಿನಲ್ಲೇ ಉಪದೇಶ ಮಾಡಿದ. ಗುರುಗಳ ಅನಾಚಾರವನ್ನು ಮುಚ್ಚುಮರೆಯಿಲ್ಲದೆ ಖಂಡಿಸಿದ್ದರಿಂದ 1383ರಲ್ಲಿ ಅವನ ಉಪದೇಶದ ಅನುಮತಿಯೇ ರದ್ದಾಯಿತು. ಬಾಯಿ ಕಟ್ಟಿದರೂ ಕೈ ಕಟ್ಟಿರಲಿಲ್ಲ. ಸಾಮಾನ್ಯರು ದಿನದ ಗೊತ್ತಾದ ಹೊತ್ತುಗಳಲ್ಲಿ ಪ್ರಾರ್ಥಿಸುವಂತೆ ಪ್ರಾರ್ಥನಾ ಪುಸ್ತಕವೊಂದನ್ನು ಅವನು ಲ್ಯಾಟಿನ್ನಿನಿಂದ ಡಚ್ ಭಾಷೆಗೆ ತಂದ. ಅದರ ನೂರಾರು ಹಸ್ತಪ್ರತಿಗಳು ಇಂದಿಗೂ ಉಳಿದಿವೆ. 1384ರಲ್ಲಿ ಅವನೂ ಪ್ಲೇಗಿಗೇ ಬಲಿಯಾದ.

ಅವನ ಶಿಷ್ಯ ಫ್ಲೋರೆನ್ಸ್ ರಾಡೆವೈನ್ಸ್. ಅವನ ಮನೆಯಲ್ಲಿ ಕೆಲವರು ಒಟ್ಟಿಗೆ ಬಾಳತೊಡಗಿದರು. ಗಳಿಸಿದ್ದನ್ನು ಒಂದೇ ಗಂಟಿಗೆ ಹಾಕುವುದು, ಒಟ್ಟಿಗೆ ಉಣ್ಣುವುದು, ಒಟ್ಟಿಗೆ ಪ್ರಾರ್ಥಿಸುವುದು. ಸನ್ಯಾಸದ ಪ್ರತಿಜ್ಞೆ ಇಲ್ಲ, ಭಿಕ್ಷೆ ಬೇಡುವಂತಿಲ್ಲ. 'ಸಹಬಾಳ್ವೆಯ ಸಹೋದರರು' ಎಂದು ಅವರಿಗೆ ಹೆಸರಾಯಿತು. ಈ ಚಳವಳಿಯನ್ನು ಚರಿತ್ರಕಾರರು 'ದೆವೋತಿಯೋ ಮೊಡೆರ್ನಾ', ಎಂದರೆ 'ಹೊಸ ಭಕ್ತಿ' ಎಂದು ಕರೆಯುತ್ತಾರೆ.

ಹೊಟ್ಟೆಪಾಡಿಗೆ ಅವರು ಆರಿಸಿಕೊಂಡ ಮುಖ್ಯ ಕಸುಬು ಪುಸ್ತಕಗಳ ನಕಲು. (ನಕಲು ಎಂದೊಡನೆ ಪರೀಕ್ಷಾ ಕೊಠಡಿಯನ್ನು ನೆನೆಸಿಕೊಳ್ಳಬೇಡಿ!) ಅಚ್ಚಿನ ಯಂತ್ರ ಇನ್ನೂ ಬಂದಿರದ ಕಾಲ, ಪುಸ್ತಕ ಬೇಕಾದರೆ ಯಾರಾದರೂ ಕೈಯಿಂದಲೇ ಬರೆಯಬೇಕು. ಬರೆಯುವುದು ಅವರಿಗೆ ಕೂಲಿಯೂ ಹೌದು, ಪ್ರಾರ್ಥನೆಯೂ ಹೌದು. ಬರೆದ ಮಾತುಗಳಲ್ಲಿ ಮನಸ್ಸಿಗೆ ನಾಟಿದ್ದನ್ನು ಪ್ರತಿಯೊಬ್ಬನೂ ತನ್ನದೇ ಒಂದು ಕಿರುಪುಸ್ತಕದಲ್ಲಿ ಗುರುತುಮಾಡಿಕೊಂಡು, ಕೆಲಸ ಮಾಡುತ್ತ ಅದನ್ನೇ ಮತ್ತೆ ಮತ್ತೆ ನೆನೆಯುತ್ತಿದ್ದ. ಇದಕ್ಕೆ ಅವರು ಬಳಸುತ್ತಿದ್ದ ಲ್ಯಾಟಿನ್ ಪದದ ಅರ್ಥ ನಮ್ಮ 'ಮೆಲುಕು' ಎಂಬುದೇ. ಹಸು ಮೇಯುವಾಗ ಬಾಚಿಕೊಂಡು ನುಂಗಿದ್ದನ್ನು ನೆರಳಿನಲ್ಲಿ ಮಲಗಿ ನಿಧಾನವಾಗಿ ಅಗಿಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕ್ರಿಸ್ತನ ಜೀವನ, ಶ್ರಮೆ, ಮರಣಗಳನ್ನು ವಾರದ ದಿನಗಳಿಗೆ ಹಂಚಿಕೊಂಡು ಧ್ಯಾನಿಸುವುದು, ಕೆಲಸದ ನಡುವೆ ಒಂದೆರಡು ಮಾತಿನ ಚಿಕ್ಕ ಪ್ರಾರ್ಥನೆ, ಸಂಜೆ ತನ್ನ ಮನಸ್ಸನ್ನು ತಾನೇ ತಪಾಸಣೆ ಮಾಡಿಕೊಳ್ಳುವುದು, ಇಷ್ಟೇ ಅವರ ಸಾಧನೆ.

ಪ್ರತಿಜ್ಞೆಯಿಲ್ಲದೆ ಹೀಗೆ ಬಾಳುವುದು ಎಲ್ಲರಿಗೂ ಸರಿಕಾಣಲಿಲ್ಲ. ಮಠದ ಹೊರಗೆ ಇಂಥ ಜೀವನ ಸಲ್ಲದೆಂದು ಗ್ರಾಬೋ ಎಂಬ ಡೊಮಿನಿಕನ್ ಸನ್ಯಾಸಿ ಕಾನ್‌ಸ್ಟನ್ಸ್ ಮಹಾಸಭೆಯ ಕಾಲದಲ್ಲಿ ದೂರು ಒಯ್ದ. ಪ್ಯಾರಿಸ್ಸಿನ ವಿದ್ವಾಂಸ ಜೆರ್ಸನ್ ಸಹೋದರರ ಪರವಾಗಿ ನಿಂತ, ದೂರು ಬಿದ್ದುಹೋಯಿತು. ಆ ತೀರ್ಪಿನಲ್ಲಿ ನಮ್ಮಂಥ ಸಂಸಾರಿಗಳ ಪಾಲೂ ಇದೆ ಎಂದು ನಾನು ತಿಳಿಯುತ್ತೇನೆ. ಕ್ರಿಸ್ತನನ್ನು ಅರಿಯುವ ದಾರಿ ಮಠದ ಗೋಡೆಯೊಳಗೆ ಮಾತ್ರ ಇಲ್ಲ ಎಂಬ ಮಾತು ಅಲ್ಲಿ ಗೆದ್ದಿತು.

ಇನ್ನು ಈ ಕಥೆಯ ಹುಡುಗನಿಗೆ ಬರುತ್ತೇನೆ. ಜರ್ಮನಿಯ ಕೆಂಪೆನ್ ಎಂಬ ಊರಿನ ಕಮ್ಮಾರನ ಮಗ ಥಾಮಸ್ ಸುಮಾರು 1380ರಲ್ಲಿ ಹುಟ್ಟಿದವನು. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಓದಲೆಂದು ಡೆವೆಂಟರಿಗೆ ಬಂದ. ಫ್ಲೋರೆನ್ಸ್ ಅವನಿಗೆ ಆಸರೆ ಕೊಟ್ಟ. ಮುಂದೆ ಥಾಮಸನೇ ಬರೆದಿಟ್ಟ ಒಂದು ಪ್ರಸಂಗ ಮೇಷ್ಟ್ರಾದ ನನಗೆ ಬಹಳ ಪ್ರಿಯ. ಶಾಲೆಯ ಶುಲ್ಕಕ್ಕಾಗಿ ಅವನ ಒಂದು ಪುಸ್ತಕ ಮುಖ್ಯೋಪಾಧ್ಯಾಯರ ಬಳಿ ಒತ್ತೆಯಿತ್ತು. ಫ್ಲೋರೆನ್ಸ್ ಕೊಟ್ಟ ಹಣವನ್ನು ಹಿಡಿದು ಹುಡುಗ ಪುಸ್ತಕ ಬಿಡಿಸಿಕೊಳ್ಳಲು ಹೋದ. ಹಣ ಯಾರದೆಂದು ಉಪಾಧ್ಯಾಯರು ವಿಚಾರಿಸಿದರು. ಫ್ಲೋರೆನ್ಸನದೆಂದು ತಿಳಿದೊಡನೆ, ಅವನ ಮೇಲಿನ ಪ್ರೀತಿಗಾಗಿ ಶುಲ್ಕ ಬೇಡವೆಂದು ಹಣವನ್ನು ಹಿಂದಕ್ಕೆ ಕಳಿಸಿಬಿಟ್ಟರು. ಆ ಹುಡುಗ ಕ್ರಿಸ್ತನ ಬಗ್ಗೆ ಕಲಿತ ಮೊದಲ ಪಾಠ ಪುಸ್ತಕದಲ್ಲಿರಲಿಲ್ಲ. ತನ್ನನ್ನು ಸಾಕಿದವರ ನಡತೆಯಲ್ಲಿತ್ತು.

1399ರಲ್ಲಿ ಥಾಮಸ್ ಝ್ವೋಲೆ ಊರಿನ ಬಳಿಯ ಸಂತ ಆಗ್ನೆಸಳ ಬೆಟ್ಟದ ಮಠಕ್ಕೆ ಹೋದ. ನಡುವೆ ಮೂರು ವರ್ಷ ಮಠವೇ ಊರು ಬಿಡಬೇಕಾಗಿ ಬಂದದ್ದುಂಟು; ಅದನ್ನು ಬಿಟ್ಟರೆ 1471ರಲ್ಲಿ ಸಾಯುವತನಕ ಹೆಚ್ಚುಕಡಿಮೆ ಅಲ್ಲೇ ಇದ್ದ. ಇಡೀ ಸತ್ಯವೇದವನ್ನು ನಾಲ್ಕು ಸಲ ಕೈಯಿಂದ ಬರೆದನೆಂದು ಹೇಳುತ್ತಾರೆ. ಐದು ಸಂಪುಟಗಳ ಒಂದು ಪ್ರತಿ ಜರ್ಮನಿಯ ಡಾರ್ಮ್‌ಸ್ಟಾಟಿನಲ್ಲಿದೆ. ಅವನ ಹೆಸರಿನಲ್ಲೇ ಲೋಕಪ್ರಸಿದ್ಧವಾದ ಗ್ರಂಥ 'ಕ್ರಿಸ್ತನ ಅನುಕರಣೆ'. ಅವನ ಕೈಬರಹದ, 1441ರಲ್ಲಿ ಮುಗಿದ ಪ್ರತಿ ಬ್ರಸೆಲ್ಸ್ ನಗರದಲ್ಲಿದೆ. ಅದರ ಕೊನೆಯಲ್ಲಿ ಇದು ಸಹೋದರ ಥಾಮಸನ ಕೈಯಿಂದ ಮುಗಿಯಿತು ಎಂಬ ಅರ್ಥದ ಒಕ್ಕಣೆಯಿದೆ. ಇದನ್ನು ರಚಿಸಿದ್ದೋ, ನಕಲು ಮಾಡಿದ್ದೋ ಎಂದು ವಿದ್ವಾಂಸರು ಶತಮಾನಗಳ ಕಾಲ ವಾದಿಸಿದರು. ಬಹುಮಂದಿ ಈಗ ಅವನೇ ಕರ್ತೃವೆಂದು ಒಪ್ಪುತ್ತಾರೆ. ಬರೆದವನ ಹೆಸರು ಮುಖ್ಯವಲ್ಲ ಎಂದು ಬಾಳಿದವನಿಗೆ ಇದಕ್ಕಿಂತ ತಕ್ಕ ಗೌರವ ಯಾವುದಿದ್ದೀತು!

ಈ ಪುಸ್ತಕದೊಡನೆ ನನಗೆ ಮೊದಮೊದಲು ಜಗಳವೇ ಇತ್ತು. ಆರಂಭದ ಅಧ್ಯಾಯಗಳಲ್ಲೇ ಅವನು ಹೆಚ್ಚಿನ ಓದು, ವಿದ್ಯೆಯ ಹೆಮ್ಮೆ ಇವುಗಳ ಮೇಲೆ ಹರಿಹಾಯುತ್ತಾನೆ. ಪಶ್ಚಾತ್ತಾಪ ಎಂಬ ಪದಕ್ಕೆ ಲಕ್ಷಣ ಹೇಳಬಲ್ಲವನಿಗಿಂತ ಪಶ್ಚಾತ್ತಾಪಪಟ್ಟವನೇ ಲೇಸು ಎಂಬುದು ಅವನ ನಿಲುವು. ಮಕ್ಕಳಿಗೆ ಓದು ಓದು ಎಂದು ಹೇಳುವುದೇ ಕಸುಬಾದ ನನಗೆ ಇದು ರುಚಿಸುವುದಾದರೂ ಹೇಗೆ? ಆ ಪರಂಪರೆಯಲ್ಲಿ ದೋಷಗಳಿರಲಿಲ್ಲವೆಂದೂ ಅಲ್ಲ. ಡೆವೆಂಟರಿನ ಶಾಲೆಯಲ್ಲೇ ಓದಿದ ಮಹಾವಿದ್ವಾಂಸ ಎರಾಸ್ಮಸ್, ಮುಂದೆ ಸಹೋದರರ ವಿದ್ಯಾರ್ಥಿನಿಲಯವೊಂದರಲ್ಲಿ ಕಳೆದ ದಿನಗಳನ್ನು ನೆನೆದು, ಅವರು ಹುಡುಗರ ಚೈತನ್ಯವನ್ನೇ ಮುರಿಯುತ್ತಿದ್ದರೆಂದು ದೂರಿದ್ದಾನೆ. ಭಕ್ತಿಯ ಹೆಸರಿನಲ್ಲಿ ಮಕ್ಕಳನ್ನು ಬಗ್ಗಿಸುವುದು ಎಲ್ಲ ಕಾಲದ ಶಿಕ್ಷಕರಿಗೂ ಇರುವ ಅಪಾಯ.

ಆದರೆ ಜಗಳ ರಾಜಿಯಾದದ್ದು ಪುಸ್ತಕ ಓದಿ ಅಲ್ಲ. ನನ್ನ ಪತ್ನಿ ತೀರಿಕೊಂಡ ವರ್ಷ. ನಿಮ್ಮಲ್ಲಿ ಅನೇಕರು ಅವಳ ಕೈಯ ಉಪ್ಪಿಟ್ಟು ತಿಂದವರು. ಮೂವತ್ತಕ್ಕೂ ಹೆಚ್ಚು ವರ್ಷ ಶಾಲೆಯ ಬೆಳಗಿನ ಪ್ರಾರ್ಥನೆ ನಡೆಸಿದ ನಾನು ಅವಳ ಹಾಸಿಗೆಯ ಪಕ್ಕ ಕುಳಿತು, "ಒಂದು ಪ್ರಾರ್ಥನೆ ಮಾಡ್ರಿ" ಎಂದು ಅವಳು ಕೇಳಿದಾಗ, ಸಭೆಯಲ್ಲಿ ಹೇಳುವ ಮಾತುಗಳನ್ನೇ ಹೇಳಿದೆ. ಅವಳು ಸುಮ್ಮನೆ ನನ್ನ ಕೈ ಹಿಡಿದುಕೊಂಡಳು. ಆ ಮಾತುಗಳು ಖಾಲಿಯಾಗಿದ್ದವೆಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಾಗಿರಬೇಕು. ಲಕ್ಷಣ ಹೇಳಬಲ್ಲವನು, ಅನುಭವವಿಲ್ಲದವನು! ಥಾಮಸ್ ಬೈದದ್ದು ವಿದ್ಯೆಯನ್ನಲ್ಲ, ನನ್ನಂಥವನನ್ನು ಎಂದು ಆ ರಾತ್ರಿ ತಿಳಿಯಿತು. ಬದುಕೆಲ್ಲ ಪುಸ್ತಕಗಳ ನಡುವೆಯೇ ಕಳೆದವನು ವಿದ್ಯೆಯನ್ನು ದ್ವೇಷಿಸುವುದು ಸಾಧ್ಯವೇ?

ಅವಳು ಹೋದ ಮೇಲೆ ಪ್ರಾರ್ಥನೆಗೆ ಕುಳಿತರೆ ಮಾತೇ ಬಾರದಾಯಿತು. ಆಗ ಡೆವೆಂಟರಿನವರು ನೆನಪಾದರು. ಬಾಯಿಗೆ ಬಾರದ್ದು ಕೈಗಾದರೂ ಬರಲಿ ಎಂದು ಒಂದು ಇನ್ನೂರು ಪುಟದ ನೋಟುಬುಕ್ಕು ತಂದು ಮಾರ್ಕನ ಸುವಾರ್ತೆಯನ್ನು ಬರೆಯತೊಡಗಿದೆ. ದಿನಕ್ಕೆ ಎರಡೇ ವಚನ. ಹದಿನಾರು ಅಧ್ಯಾಯ ಮುಗಿಯಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು.

ಏನಾಯಿತೆಂದು ಕೇಳುವಿರಿ. ಬೆಳಕು ಕಾಣಲಿಲ್ಲ, ಧ್ವನಿ ಕೇಳಲಿಲ್ಲ. ನಾಲ್ಕನೆಯ ಅಧ್ಯಾಯದಲ್ಲಿ ಬಿರುಗಾಳಿಯ ಪ್ರಸಂಗಕ್ಕೆ ಬಂದೆ. ಸಂಡೇ ಸ್ಕೂಲಿನಲ್ಲಿ ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಆದರೆ ಯೇಸು ದೋಣಿಯ ಹಿಂಭಾಗದಲ್ಲಿ ತಲೆಗೆ ದಿಂಬು ಇಟ್ಟುಕೊಂಡು ಮಲಗಿದ್ದನೆಂಬುದನ್ನು ಬರೆಯುವಾಗ ಲೇಖನಿ ನಿಂತಿತು. ದಿಂಬು! ಮತ್ತಾಯನೂ ಲೂಕನೂ ಅದನ್ನು ಹೇಳುವುದಿಲ್ಲ. ದಿನವಿಡೀ ಜನರಿಗೆ ಬೋಧಿಸಿ, ದಣಿದು, ಸಿಕ್ಕಿದ್ದಕ್ಕೆ ತಲೆಯಾನಿಸಿದ ಒಬ್ಬ ಮನುಷ್ಯ. ಪಾಠ ಮುಗಿಸಿ ಬಂದ ಮೇಷ್ಟ್ರ ದಣಿವು ನನಗೆ ಗೊತ್ತು. ಕಾಯಿಲೆಯ ಕೊನೆಯ ದಿನಗಳಲ್ಲಿ ಅವಳ ತಲೆಯ ಕೆಳಗಿನ ದಿಂಬನ್ನು ಸರಿಪಡಿಸುತ್ತಿದ್ದುದೂ ಗೊತ್ತು. ಅಂದು ಮೊದಲ ಬಾರಿಗೆ ನಾನು ಕ್ರಿಸ್ತನ ಬಗ್ಗೆ ಅಲ್ಲ, ಕ್ರಿಸ್ತನೊಡನೆ ಮಾತನಾಡಿದೆ. ಎರಡು ಮಾತು. ಏನೆಂಬುದು ಇಲ್ಲಿ ಬೇಡ.

ಈ ಪುಸ್ತಕ ನಮ್ಮ ನಾಡಿನ ನೆಲವನ್ನೂ ಹಾದುಹೋಗಿದೆ. ಹೊತ್ತು ತಂದವರಲ್ಲಿ ಕ್ರೈಸ್ತರಲ್ಲದವರೂ ಇದ್ದರು. ಸ್ವಾಮಿ ವಿವೇಕಾನಂದರು 1889ರಲ್ಲಿ ಇದರ ಕೆಲವು ಅಧ್ಯಾಯಗಳನ್ನು ಬಂಗಾಳಿಗೆ ಅನುವಾದಿಸಿದರು. ಪರಿವ್ರಾಜಕರಾಗಿ ಭಾರತವನ್ನು ಸುತ್ತುವಾಗ ಅವರ ಬಳಿ ಇದ್ದ ಎರಡು ಪುಸ್ತಕಗಳು ಭಗವದ್ಗೀತೆ ಮತ್ತು ಇದು. 1892ರಲ್ಲಿ ಅವರು ಬೆಳಗಾವಿ, ಬೆಂಗಳೂರು, ಮೈಸೂರುಗಳಿಗೆ ಬಂದಿದ್ದರು. ಇನ್ನೊಂದು ಪ್ರಸಂಗ 1961ರದು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಡಾಗ್ ಹಾಮರ್‌ಷೋಲ್ಡ್ ಕಾಂಗೋದ ಯುದ್ಧ ನಿಲ್ಲಿಸಲೆಂದು ಹೊರಟು, ಸೆಪ್ಟೆಂಬರ್ 18ರಂದು ವಿಮಾನ ಬಿದ್ದು ಮರಣ ಹೊಂದಿದರು. ಅವರು ತಂಗಿದ್ದ ಕೋಣೆಯಲ್ಲಿ 'ಕ್ರಿಸ್ತನ ಅನುಕರಣೆ' ಇತ್ತು. ಪುಟದ ಗುರುತಿಗೆಂದು ಇಟ್ಟಿದ್ದದ್ದು ತಮ್ಮ ಅಧಿಕಾರ ಸ್ವೀಕಾರದ ಪ್ರಮಾಣವಚನದ ಚೀಟಿ. ಏಕಾಂತದ ಪುಸ್ತಕ ಲೋಕದ ಕೆಲಸದಿಂದ ಓಡಿಹೋಗಲು ಕಲಿಸುತ್ತದೆ ಎನ್ನುವವರಿಗೆ ಆ ಚೀಟಿಯೇ ಉತ್ತರ.

ಒಂದು ತಪ್ಪೊಪ್ಪಿಗೆಯೊಂದಿಗೆ ಮುಗಿಸುತ್ತೇನೆ. ತರಗತಿಯಲ್ಲಿ ತಪ್ಪು ಮಾಡಿದವರಿಗೆ ನಾನು "ನೂರು ಸಲ ಬರೆ" ಎನ್ನುತ್ತಿದ್ದೆ. ನಿಮ್ಮಲ್ಲಿ ಹಲವರ ಬೆರಳು ನೋಯಿಸಿದ್ದೇನೆ. ಪ್ರಾರ್ಥನೆಯಾಗಬಹುದಾಗಿದ್ದ ಕೆಲಸವನ್ನು ಶಿಕ್ಷೆಯನ್ನಾಗಿ ಮಾಡಿಟ್ಟೆ, ಕ್ಷಮಿಸಿ.

ಬಾಗಿಲ ಬಳಿ ನಿಂತು ಪ್ರಶ್ನೆ ಕೇಳಿದವನೇ, ನಿನಗೆ ನನ್ನ ಉತ್ತರ ಇಷ್ಟು: ಗೊತ್ತಿರುವುದನ್ನು ಬಿಸಾಡಬೇಡ, ಅದರ ವೇಗವನ್ನು ಕಡಿಮೆ ಮಾಡು. ಒಂದು ನೋಟುಬುಕ್ಕು ಕೊಂಡುಕೋ. ದಿನಕ್ಕೆ ಎರಡು ವಚನ, ನೂರು ಸಲ ಅಲ್ಲ, ಒಂದೇ ಸಲ. ಲೇಖನಿ ನಿಂತಲ್ಲಿ ನೀನೂ ನಿಲ್ಲು. ಹಲವು ದಿನ ಏನೂ ಆಗದು. ನನಗೂ ಎಷ್ಟೋ ದಿನ ಏನೂ ಆಗುವುದಿಲ್ಲ. ಆದರೂ ಬರೆ. ಮುಂದಿನ ಸಲ ಬರುವಾಗ ನೋಟುಬುಕ್ಕನ್ನು ತಾ. ಈ ಬಾರಿ ಕೆಂಪು ಶಾಯಿಯಲ್ಲಿ ತಿದ್ದುವುದಿಲ್ಲ.

ನಿಮ್ಮ ಮೇಷ್ಟ್ರು