ಮೂಲೆಯಲ್ಲಿ ಉಳಿದ ಒಲೆ



ಸೋಲಾರ್ ಹೀಟರ್ ಬಂದ ಮೇಲೂ ಬಚ್ಚಲ ಒಲೆಯನ್ನು ಕೆಡವದೆ ಉಳಿಸಿಕೊಂಡವರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ಆಷಾಢದ ಮೋಡ ಕವಿದರೆ ಹಂಡೆಗೆ ಸೌದೆಯೇ ಗತಿ ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದೇ ಸಂಗತಿ ದೂರದ ಸ್ವೀಡನ್ ದೇಶದ ಹಳ್ಳಿಯವರಿಗೆ ಹೇಗೆ ಮನದಟ್ಟಾಯಿತು ಎಂಬುದನ್ನು ಇವತ್ತು ಹೇಳುತ್ತೇನೆ, ಕೇಳಿ.

ಅಲ್ಲಿಯದು ನಮ್ಮ ಮಾಗಿಯ ಚಳಿಯಲ್ಲ. ನೀರು ಕೊಳವೆಯಲ್ಲೇ ಹೆಪ್ಪುಗಟ್ಟಿ ಕೊಳವೆ ಸೀಳಿಹೋಗುವಂಥ ಚಳಿ. ಹಿಂದೆ ಅಲ್ಲಿನ ಅಗ್ಗಿಷ್ಟಿಕೆಗಳಲ್ಲಿ ಸೌದೆಯ ಶಾಖದ ಬಹುಪಾಲು ಹೊಗೆಯ ಜೊತೆಗೇ ಆಕಾಶ ಸೇರುತ್ತಿತ್ತು. ಕಬ್ಬಿಣದ ಕುಲುಮೆಗಳಿಗೂ ಕಾಡಿನ ಮರವೇ ಬೇಕು. ಸೌದೆ ಉಳಿಸುವ ಒಲೆ ಬೇಕೆಂದು ಸರ್ಕಾರ ಕೇಳಿದಾಗ, 1767ರಲ್ಲಿ ಕ್ರೋನ್‌ಸ್ಟೆಟ್ ಮತ್ತು ವ್ರೇಡೆ ಎಂಬಿಬ್ಬರು ಒಂದು ಯುಕ್ತಿ ತೋರಿಸಿದರು. ಹೊಗೆ ನೆಟ್ಟಗೆ ಮೇಲೆ ಹೋಗದೆ ಇಟ್ಟಿಗೆಯ ದಾರಿಗಳಲ್ಲಿ ಹತ್ತಿ ಇಳಿದು, ಶಾಖವನ್ನು ಇಟ್ಟಿಗೆಗೆ ಕೊಟ್ಟು ಹೊರಗೆ ಹೋಗಬೇಕು! ಬೆಂಕಿ ಆರಿದರೂ ಒಲೆ ಗಂಟೆಗಟ್ಟಲೆ ಬೆಚ್ಚಗಿರುತ್ತಿತ್ತು.

ಎರಡನೇ ಮಹಾಯುದ್ಧದ ಮೇಲೆ ಎಣ್ಣೆಯ ಬಾಯ್ಲರುಗಳು ಬಂದವು. ಹಳೆಯ ಒಲೆಗಳನ್ನು ಎಷ್ಟೋ ಕಡೆ ಕಿತ್ತುಹಾಕಿದರು. 1973ರಲ್ಲಿ ಅರಬ್ ದೇಶಗಳು ಎಣ್ಣೆ ತಡೆದವು. ಕೆಲವೇ ತಿಂಗಳಲ್ಲಿ ಬೆಲೆ ನಾಲ್ಕು ಪಟ್ಟಾಯಿತು. ಎಣ್ಣೆಯ ಸಹವಾಸ ಬೇಡವೆಂದು ಜನ ಕರೆಂಟಿನ ಕಡೆಗೂ, ಆಮೇಲೆ ಹೀಟ್ ಪಂಪಿನ ಕಡೆಗೂ ತಿರುಗಿದರು.

ಏನಿದು ಹೀಟ್ ಪಂಪು ಅಂತೀರಾ? ಫ್ರಿಜ್ಜು ತನ್ನ ಒಳಗಿನ ಶಾಖವನ್ನು ಹೊರಕ್ಕೆ ದೂಡುತ್ತದೆ. ಅದರ ಹಿಂಬದಿ ಬಿಸಿಯಾಗುವುದು ಅದಕ್ಕೇ. ಇದೂ ಅದೇ ಜಾತಿಯ ಯಂತ್ರ. ಹೊರಗಿನ ಗಾಳಿಯಿಂದಲೋ ನೆಲದಿಂದಲೋ ಶಾಖವನ್ನೆಳೆದು ಮನೆಯೊಳಕ್ಕೆ ದೂಡುತ್ತದೆ. ಇದಕ್ಕಾಗಿ ಅಲ್ಲಿನವರು 100ರಿಂದ 200 ಮೀಟರ್ ಆಳಕ್ಕೆ ಬೋರ್ ಕೊರೆಸುವುದುಂಟು. ನೀರಿಗಲ್ಲ ಸ್ವಾಮಿ, ಶಾಖಕ್ಕೆ! ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಸಿಕ್ಕುತ್ತದೆ. 2006ರಲ್ಲಿ ಎಣ್ಣೆಯ ಬಾಯ್ಲರ್ ಬಿಡುವವರಿಗೆ ಸರ್ಕಾರ ಒಂದು ಮಿತಿಗೆ ಒಳಪಟ್ಟು ಖರ್ಚಿನ ನೂರಕ್ಕೆ 30ರಷ್ಟು ಸಹಾಯಧನವನ್ನೂ ಕೊಟ್ಟಿತು. ಹಾಗಾದರೆ ಸೌದೆ ಒಲೆ ಯಾತಕ್ಕೆ?

ಅದಕ್ಕೆ ಉತ್ತರ ಹಿಂದಿನ ವರ್ಷವೇ ಸಿಕ್ಕಿತ್ತು. 2005ರ ಜನವರಿ 8ರ ರಾತ್ರಿ ಗುಡ್ರುನ್ ಎಂಬ ಬಿರುಗಾಳಿ ಸ್ವೀಡನ್ನಿನ ದಕ್ಷಿಣ ಭಾಗಕ್ಕೆ ಬಡಿಯಿತು. ಸುಮಾರು 7½ ಕೋಟಿ ಘನ ಮೀಟರ್ ಮರ ನೆಲಕ್ಕುರುಳಿತು, ತಂತಿಗಳ ಮೇಲೂ ಬಿತ್ತು. ಏಳು ಲಕ್ಷ ಮನೆ ಮಳಿಗೆಗಳಿಗೂ ಮೇಲ್ಪಟ್ಟು ಕತ್ತಲೆ. ಸ್ಮೋಲಂಡಿನ ಕಾಡು ಹಳ್ಳಿಗಳಲ್ಲಿ ಕೆಲವು ಮನೆಗಳಿಗೆ ಒಂದು ತಿಂಗಳು ಕಳೆದರೂ ಕರೆಂಟು ಬರಲಿಲ್ಲ. ಟೆಲಿಫೋನೂ ಸತ್ತಿತು. ಹಸು ಕರೆಯುವ ಯಂತ್ರಕ್ಕೆ ಜನರೇಟರ್ ಹುಡುಕಬೇಕಾಯಿತು, ಕೆಚ್ಚಲು ಕಾಯುತ್ತದೆಯೇ? ಕರೆಂಟಿಲ್ಲದ ಮೇಲೆ ಹೀಟ್ ಪಂಪು ಬರೀ ಪೆಟ್ಟಿಗೆ. ಸೌದೆಯ ಬಾಯ್ಲರಿದ್ದರೂ, ಬಿಸಿನೀರನ್ನು ಮನೆಯೆಲ್ಲ ಸುತ್ತಿಸುವ ಮೋಟಾರಿಗೆ ಕರೆಂಟೇ ಬೇಕು! ಕೋಣೆಯ ಮೂಲೆಯಲ್ಲಿ ಕೂತು ತಾನಾಗಿ ಉರಿಯುವ ಒಲೆಗೆ ಮಾತ್ರ ಯಾರ ಹಂಗೂ ಇರಲಿಲ್ಲ.

ಆಮೇಲೆ ತಂತಿಗಳನ್ನು ನೆಲದೊಳಗೆ ಹೂಳುವ ಕೆಲಸ ಜೋರಾಯಿತು. 2018ರಲ್ಲಿ ಸರ್ಕಾರ ಮನೆಮನೆಗೂ ಒಂದು ಪುಸ್ತಿಕೆ ಕಳಿಸಿತು: ಶಾಖ ನಿಂತರೆ ಎಲ್ಲರೂ ಒಂದೇ ಕೋಣೆಯಲ್ಲಿ ಸೇರಬೇಕು, ಕಿಟಕಿಗೆ ಕಂಬಳಿ ಇಳಿಬಿಡಬೇಕು, ನೆಲಕ್ಕೆ ಜಮಖಾನ ಹಾಸಬೇಕು ಎಂದು. ಅಲ್ಲಿ ಎಷ್ಟೋ ಮನೆಗಳಲ್ಲಿ ಈಗ ಪಂಪೂ ಇದೆ, ಒಲೆಯೂ ಇದೆ.

ಆದರೆ ಸುಮ್ಮನೆ ಉಳಿಸಿಕೊಂಡರೆ ಆಗಲಿಲ್ಲ. ದಿನವೂ ಉರಿಸಿದರೆ ಪಕ್ಕದ ಮನೆಯವರಿಗೆ ಹೊಗೆ. ಅದು ಎದೆಗೆ ಕೆಟ್ಟದ್ದು. ಹೊಗೆಗೂಡು ಗುಡಿಸಿಸುವುದು ಅಲ್ಲಿ ಕಾನೂನಿನ ಕೆಲಸ. ವರ್ಷಗಟ್ಟಲೆ ಬಳಸದ ಗೂಡಿನಲ್ಲಿ ಬಿರುಕಿರಬಹುದು, ಹಕ್ಕಿಗೂಡಿರಬಹುದು. ಪರೀಕ್ಷೆ ಮಾಡಿಸದೆ ಬೆಂಕಿ ಹಾಕಿದರೆ ಮನೆಗೇ ಅಪಾಯ. ಹಸಿ ಸೌದೆಯೂ ಆಗದು. ಚಳಿಗಾಲ ಕಳೆದ ಕೂಡಲೇ ಸೀಳಿ, ಗಾಳಿಯಾಡುವ ಕಡೆ ಮಾಡಿನಡಿ ಒಟ್ಟಿ, ಮುಂದಿನ ಚಳಿಗೆ ಒಣಗಿಸಿಟ್ಟುಕೊಳ್ಳುತ್ತಾರೆ.