ಅಮ್ಮನ ಎಂಪಿ3 ಪ್ಲೇಯರ್

ಲಗ್ಗೆರೆಯ ನಮ್ಮ ಮನೆಯ ಬೀರುವಿನಲ್ಲಿ ರೇಷನ್ ಕಾರ್ಡು, ಅಮ್ಮನ ಪಿ.ಎಫ್. ಕಾಗದಗಳು ಇರುವ ಪ್ಲಾಸ್ಟಿಕ್ ಕವರಿನ ಕೆಳಗೆ ಒಂದು ಎಂಪಿ3 ಪ್ಲೇಯರ್ ಇದೆ. ಬೆಂಕಿಪೊಟ್ಟಣಕ್ಕಿಂತ ತುಸು ಉದ್ದ. ಬೆಳ್ಳಿಬಣ್ಣ ಸವೆದು ಒಳಗಿನ ಪ್ಲಾಸ್ಟಿಕ್ಕು ಕಾಣುತ್ತದೆ. ಸೆಲ್ ಹಾಕುವ ಜಾಗದ ಮುಚ್ಚಳ ಕಳೆದುಹೋಗಿ ಎಷ್ಟೋ ವರ್ಷವಾಯಿತು. ಅಲ್ಲಿಗೆ ಅಮ್ಮ ರಬ್ಬರ್‌ಬ್ಯಾಂಡ್ ಸುತ್ತಿದ್ದಾಳೆ. ಯಾವ ಕಂಪನಿಯದೆಂದು ಹುಡುಕಿದರೆ ಎಲ್ಲೂ ಹೆಸರಿಲ್ಲ. 2007ರಲ್ಲಿ ಚೀಟಿ ಎತ್ತಿದ ದುಡ್ಡಿನಲ್ಲಿ ಅವಳು ಇದನ್ನು ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಿಂದ 800 ರೂಪಾಯಿಗೆ ತಂದಳು. ಆಗಿನ ಅವಳ ತಿಂಗಳ ಸಂಬಳದ ಮೂರನೇ ಒಂದು ಪಾಲಿನ ಹತ್ತಿರ. ಅಪ್ಪ ಎರಡು ದಿನ ಮಾತು ಬಿಟ್ಟಿದ್ದರು.

ನಾನೀಗ ಪೀಣ್ಯದ ಸುತ್ತಲಿನ ಕಾರ್ಮಿಕರ ಬಡಾವಣೆಗಳ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಈ ಚರಿತ್ರೆಗೆ ಆಕರಗಳ ಕೊರತೆಯೇನೂ ಇಲ್ಲ. ಕೈಗಾರಿಕಾ ಪ್ರದೇಶದ ನಕ್ಷೆಗಳಿವೆ, ಕನಿಷ್ಠ ವೇತನದ ಅಧಿಸೂಚನೆಗಳಿವೆ. ಪಿ.ಎಫ್. ಹಣ ತೆಗೆಯುವುದಕ್ಕೆ ತಂದ ನಿರ್ಬಂಧದ ವಿರುದ್ಧ 2016ರ ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದದ್ದು, ಕೇಂದ್ರ ಸರ್ಕಾರ ಆ ಆದೇಶವನ್ನು ಹಿಂದಕ್ಕೆ ಪಡೆದದ್ದು ಪತ್ರಿಕೆಗಳಲ್ಲಿ ದಾಖಲಾಗಿದೆ. ಅಮ್ಮನೂ ಆ ಗುಂಪಿನಲ್ಲಿದ್ದಳು. ಆದರೆ ಅವಳು ದಿನಾ ನಡೆದು ಹೋಗುವಾಗ ಏನು ಕೇಳುತ್ತಿದ್ದಳು ಎನ್ನುವುದು ಯಾವ ಕಡತದಲ್ಲೂ ಸಿಗುವುದಿಲ್ಲ. ಅದಕ್ಕೆ ನನಗಿರುವ ಆಕರ ಈ ರಬ್ಬರ್‌ಬ್ಯಾಂಡ್ ಸುತ್ತಿದ ಪೆಟ್ಟಿಗೆ ಒಂದೇ.

ಹಾಡನ್ನು ಜೊತೆಗೆ ಒಯ್ಯುವ ಕತೆ ಲಗ್ಗೆರೆಗೆ ಬರುವ ಮುಂಚೆ ಬಹಳ ದೂರ ಸುತ್ತಿದೆ. ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂದದ್ದು 1963ರಲ್ಲಿ. ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ಎಂದು ಹೆಸರಾದ ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಬಂದದ್ದು 1978ರಲ್ಲಿ. ಮರುವರ್ಷವೇ ಸೋನಿ ವಾಕ್‌ಮನ್ ಜಪಾನಿನ ಅಂಗಡಿಗಳಿಗೆ ಬಂತು. ಆದರೆ ನಮ್ಮ ಕಡೆ ಕ್ಯಾಸೆಟ್ ಎಂದರೆ ಮನೆಮಂದಿ, ಕೆಲವೊಮ್ಮೆ ಇಡೀ ಬೀದಿ, ಒಟ್ಟಿಗೆ ಕೇಳುವ ವಸ್ತುವಾಗಿಯೇ ಉಳಿಯಿತು. ಟೇಪ್‌ರೆಕಾರ್ಡರ್ ಯಾರದೋ ಅವರು ಹಾಕಿದ್ದೇ ಹಾಡು. ಮುಂದೆ ಎಂಪಿ3 ಬಂತು. 1998ರಲ್ಲಿ ಕೊರಿಯಾದ ಕಂಪನಿಯೊಂದು ಮಾರಿದ ಮೊದಲ ಪ್ಲೇಯರಿನಲ್ಲಿ 32 ಎಂಬಿ ಜಾಗವಿತ್ತು. ಏಳೆಂಟು ಹಾಡಿಗೆ ತುಂಬಿಹೋಗುತ್ತಿತ್ತು. 2001ರಲ್ಲಿ ಬಂದ ಐಪಾಡ್‌ನಲ್ಲಿ ಸಾವಿರ ಹಾಡು ಹಿಡಿಯುತ್ತಿತ್ತು, ಬೆಲೆ 399 ಡಾಲರ್.

800 ರೂಪಾಯಿಯ ಪ್ಲೇಯರ್ ಬಂದದ್ದು ಬೇರೆ ದಾರಿಯಲ್ಲಿ. ಚೀನಾದ ಜುಹಾಯ್ ನಗರದ ಆಕ್ಷನ್ಸ್ ಸೆಮಿಕಂಡಕ್ಟರ್‌ನಂಥ ಕಂಪನಿಗಳು ಹಾಡು ನುಡಿಸುವ, ಕಂಪ್ಯೂಟರಿಗೆ ಜೋಡಿಸುವ, ಪುಟ್ಟ ಪರದೆಯನ್ನು ನಡೆಸುವ ಕೆಲಸಗಳನ್ನೆಲ್ಲ ಒಂದೇ ಚಿಪ್ಪಿನಲ್ಲಿ ಸೇರಿಸಿ ಮಾರಿದವು. ಆ ಚಿಪ್ಪು ಕೊಂಡು, ಮೆಮೊರಿ ಬೆಸೆದು, ಪ್ಲಾಸ್ಟಿಕ್ ಹೊದಿಸಿದರೆ ಪ್ಲೇಯರ್ ತಯಾರು. ಹೀಗೆ ಮಾಡಿದ ಸಣ್ಣಪುಟ್ಟ ಕಾರ್ಖಾನೆಗಳಿಗೆ ತಮ್ಮ ಹೆಸರು ಅಚ್ಚು ಹಾಕುವ ಅಗತ್ಯವೇ ಇರಲಿಲ್ಲ. ಪೀಣ್ಯದಲ್ಲಿ ಅಮ್ಮ ಹೊಲಿದ ಶರ್ಟಿನ ಮೇಲೂ ಅವಳ ಹೆಸರಿರುತ್ತಿರಲಿಲ್ಲ. ಹೆಸರಿಲ್ಲದ ಒಂದು ಕೈ ಮಾಡಿದ್ದನ್ನು ಹೆಸರಿಲ್ಲದ ಇನ್ನೊಂದು ಕೈ ಕೊಂಡುಕೊಂಡಿತ್ತು.

ನಾವಿದ್ದದ್ದು ವಠಾರದ ಒಂದು ರೂಮು, ಒಂದು ಅಡುಗೆಮನೆ. ಐದು ಮನೆಗೆ ಒಂದು ನಲ್ಲಿ. ಟಿ.ವಿ. ಅಪ್ಪನದು, ಗೋಡೆಯಾಚೆಯ ಜಗಳ ಎಲ್ಲರದು. ಅಮ್ಮನಿಗೆ ತನ್ನದು ಅನ್ನುವ ಬಾಗಿಲು ಇರಲಿಲ್ಲ. ಇಯರ್‌ಫೋನ್ ಹಾಕಿಕೊಂಡರೆ ಒಂದು ಬಾಗಿಲು ಹಾಕಿಕೊಂಡ ಹಾಗೆ. ಬೆಳಿಗ್ಗೆ ಎಂಟಕ್ಕೆ ರಿಂಗ್ ರೋಡ್ ದಾಟಿ ಪೀಣ್ಯದ ಕಡೆ ನಡೆಯುವ ಹೆಂಗಸರ ಸಾಲಿನಲ್ಲಿ ಅವಳು ಒಂದು ತುದಿಯನ್ನು ತನ್ನ ಕಿವಿಗೆ, ಇನ್ನೊಂದನ್ನು ಪಕ್ಕದ ಮನೆ ಆಂಟಿಯ ಕಿವಿಗೆ ಹಾಕುತ್ತಿದ್ದಳು. ಇಬ್ಬರೂ ಒಂದೇ ಹೆಜ್ಜೆಯಲ್ಲಿ ನಡೆಯಬೇಕು, ಇಲ್ಲದಿದ್ದರೆ ವೈರು ಎಳೆಯುತ್ತದೆ. ಕಾರ್ಖಾನೆಯ ಗೇಟಿನಲ್ಲಿ ಇಂಥವನ್ನು ಒಳಗೆ ಬಿಡುತ್ತಿರಲಿಲ್ಲ. ಎದುರಿನ ಟೀ ಅಂಗಡಿಯಲ್ಲಿ ಕೊಟ್ಟು ಹೋಗಿ ಸಂಜೆ ತೆಗೆದುಕೊಳ್ಳುತ್ತಿದ್ದಳು.

ಒಳಗಿದ್ದದ್ದು 256 ಎಂಬಿ. ಒಂದು ಹಾಡಿಗೆ 4 ಎಂಬಿ ಅಂದರೂ ಅರವತ್ತು ಹಾಡು. ಮೊಬೈಲ್ ರೀಚಾರ್ಜ್ ಅಂಗಡಿಯ ಹುಡುಗ ಹತ್ತು ರೂಪಾಯಿಗೆ 'ಫುಲ್' ಮಾಡಿಕೊಡುತ್ತಿದ್ದ. 2006ರ ಡಿಸೆಂಬರ್ ಕೊನೆಗೆ ಬಿಡುಗಡೆಯಾದ 'ಮುಂಗಾರು ಮಳೆ'ಯ ಹಾಡುಗಳು ಇರಲೇಬೇಕು. ಅದರ ಜೊತೆಗೆ ಮಾದಪ್ಪನ ಪದಗಳು, ರಾಜ್‌ಕುಮಾರ್ ಹಳೆಯ ಹಾಡುಗಳು, ಅಂಗಡಿಯವನಿಗೆ ಇಷ್ಟವಾದ ಒಂದಿಷ್ಟು ತಮಿಳು ಹಾಡು. ಹಾಡಿದವರು ಯಾರು, ಬರೆದವರು ಯಾರು ಎಂಬ ವಿವರವೆಲ್ಲ ಪ್ರತಿ ಮಾಡುತ್ತ ಮಾಡುತ್ತ ಎಲ್ಲೋ ಉದುರಿಹೋಗಿತ್ತು. ಪರದೆಯ ಮೇಲೆ ಬರುತ್ತಿದ್ದದ್ದು ಟ್ರ್ಯಾಕ್ 01, ಟ್ರ್ಯಾಕ್ 02. ಇವುಗಳಲ್ಲಿ ಯಾವುದಕ್ಕೂ ಯಾರಿಗೂ ಗೌರವಧನ ಹೋಗಿರಲಾರದು ಎಂಬುದನ್ನೂ ಚರಿತ್ರೆ ಬರೆಯುವವಳಾಗಿ ನಾನು ಹೇಳಬೇಕು.

ಆ ಪ್ಲೇಯರಿಗೆ ಇನ್ನೊಂದು ಗುಣವಿತ್ತು: ಅದು ದನಿಯನ್ನು ಹಿಡಿದಿಡಬಲ್ಲದಾಗಿತ್ತು. 2008ರ ಮೇ ತಿಂಗಳಲ್ಲಿ ಚಿಕ್ಕಮ್ಮನ ಮದುವೆಗೆ ನಾವೆಲ್ಲ ನಾಗಮಂಗಲದ ಹತ್ತಿರದ ಊರಿಗೆ ಹೋದೆವು. ಅರಿಸಿನ ಹಚ್ಚುವಾಗ ಅಜ್ಜಿ ಸೋಬಾನೆ ಹೇಳತೊಡಗಿದಳು. ಅಮ್ಮ ಸೆರಗಿನ ಮರೆಯಿಂದ ಪ್ಲೇಯರ್ ತೆಗೆದು ಬಟನ್ ಒತ್ತಿದ್ದು ನನಗೆ ನೆನಪಿದೆ. ನನಗಾಗ ಹನ್ನೊಂದು ವರ್ಷ. ಎರಡು ವರ್ಷದ ನಂತರ ಅಜ್ಜಿ ತೀರಿಕೊಂಡಳು. ಅಷ್ಟರಲ್ಲಿ ಪ್ಲೇಯರಿನ ಪರದೆ ಕೆಟ್ಟಿತ್ತು, ಮನೆಗೆ ಮೆಮೊರಿ ಕಾರ್ಡಿನ ಮೊಬೈಲ್ ಬಂದಿತ್ತು. ಅಮ್ಮ ಅದನ್ನು ಬೀರುವಿನಲ್ಲಿಟ್ಟಳು, ಎಸೆಯಲಿಲ್ಲ.

ಹೋದ ವರ್ಷ ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿದೆ. ಪುಣ್ಯಕ್ಕೆ ತೆರೆದುಕೊಂಡಿತು. ಆ ಫೈಲಿನ ಮೇಲಿದ್ದ ದಿನಾಂಕ 1980ರ ಜನವರಿ 1. ಆ ದಿನ ಅಮ್ಮ ಐದು ವರ್ಷದ ಹುಡುಗಿ. ಪ್ಲೇಯರಿನಲ್ಲಿ ಗಡಿಯಾರ ಇರಲಿಲ್ಲ. ಅದು ಬಳಸುವ ಫೈಲ್ ವ್ಯವಸ್ಥೆಯಲ್ಲಿ ಕಾಲ ಶುರುವಾಗುವುದೇ ಆ ದಿನದಿಂದ. ಸರಿಯಾದ ತಾರೀಖನ್ನು ನಾನು ಚಿಕ್ಕಮ್ಮನ ಲಗ್ನಪತ್ರಿಕೆಯಿಂದ ತೆಗೆದೆ. ಆಕರವನ್ನು ಅದರ ಮಾತಿನ ಮೇಲೇ ನಂಬಬೇಡಿ ಎಂದು ತರಗತಿಯಲ್ಲಿ ಕಲಿತದ್ದು ಮನೆಯಲ್ಲಿ ಉಪಯೋಗಕ್ಕೆ ಬಂತು.

ಫೈಲ್ ಮಾತ್ರ ನುಡಿಯಲಿಲ್ಲ. ಅದು ಎಂಪಿ3 ಆಗಿರಲಿಲ್ಲ. ಇಂಥ ಚೀನೀ ಪ್ಲೇಯರುಗಳು ಧ್ವನಿಮುದ್ರಣಕ್ಕೆ ಬಳಸುತ್ತಿದ್ದ 'ಎಸಿಟಿ' ಎಂಬ ಬಗೆಯದು. ಅದನ್ನು ಬದಲಾಯಿಸುವ ತಂತ್ರಾಂಶ ಪೊಟ್ಟಣದ ಜೊತೆ ಬಂದ ಪುಟ್ಟ ಸಿ.ಡಿ.ಯಲ್ಲಿತ್ತು. ಆ ಸಿ.ಡಿ.ಯನ್ನು ನಾನೇ ದಾರ ಕಟ್ಟಿ ಆಡಿ ಹಾಳು ಮಾಡಿದ್ದೆ. ಕೊನೆಗೆ ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶದಿಂದ ಅದು ತೆರೆಯಿತು. ಒಳಗಿದ್ದದ್ದು ಜಿ.729 ಎಂಬ, 1996ರಲ್ಲಿ ಟೆಲಿಫೋನಿಗಾಗಿ ರೂಪಿಸಿದ ಕ್ರಮ. ಅಂಗಡಿಯ ಎಂಪಿ3 ಹಾಡಿಗೆ ಸೆಕೆಂಡಿಗೆ 128 ಕಿಲೋಬಿಟ್ ಬೇಕಾದರೆ ಇದಕ್ಕೆ ಸುಮಾರು 8 ಸಾಕು. ಇಷ್ಟು ಕಡಿಮೆಯಲ್ಲಿ ಅದು ಹೇಗೆ ಸಂಭಾಳಿಸುತ್ತದೆ? ದನಿಯನ್ನು ಇದ್ದ ಹಾಗೆ ಇಡುವ ಬದಲು ಮನುಷ್ಯರ ಗಂಟಲಿನ ಒಂದು ಲೆಕ್ಕದ ಮಾದರಿಯನ್ನು ಇಟ್ಟುಕೊಂಡು, ಆ ಗಂಟಲನ್ನು ಮತ್ತೆ ಹೇಗೆ ಆಡಿಸಬೇಕು ಎಂಬ ಸೂಚನೆಗಳನ್ನಷ್ಟೇ ಬರೆದಿಡುತ್ತದೆ. ಫೋನಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡುತ್ತಾರೆ ಎಂದು ಅದು ನಂಬಿದೆ.

ಅಜ್ಜಿಯ ದನಿ ಬಂತು. ತೆಳ್ಳಗೆ, ಕೊಡದೊಳಗಿಂದ ಬಂದಂತೆ, ಆದರೆ ಅವಳದೇ. ಪ್ರತಿ ಸಾಲು ಮುಗಿದ ಮೇಲೆ ತಗಡು ಕೆರೆದಂಥ ಗರಗರ ಸದ್ದೊಂದು ಎದ್ದು ಅಡಗುತ್ತಿತ್ತು. ಅಮ್ಮನಿಗೆ ಚೆನ್ನಾಗಿ ಕೇಳಿಸಬೇಕೆಂದು ಎರಡು ರಾತ್ರಿ ಕೂತು ಆ ಸದ್ದನ್ನು ಒಂದೊಂದಾಗಿ ಕತ್ತರಿಸಿ ತೆಗೆದೆ. ಅಜ್ಜಿಯ ಸಾಲುಗಳನ್ನು ಒಂದಕ್ಕೊಂದು ಜೋಡಿಸಿದೆ.

ಭಾನುವಾರ ಅಮ್ಮನ ಕಿವಿಗೆ ಇಯರ್‌ಫೋನ್ ಇಟ್ಟೆ. ಅವಳು ಕಣ್ಣು ಮುಚ್ಚಿದಳು. ತುಟಿ ಅಲ್ಲಾಡುತ್ತಿತ್ತು. ಎರಡನೇ ಸಾಲಿಗೇ ಕಣ್ಣು ಬಿಟ್ಟಳು.

"ಇದೇನ್ ಮಾಡಿದ್ದೀಯೆ? ನಾವೆಲ್ಲ ಎಲ್ಲೋದ್ವಿ?"

ನನಗೆ ಅರ್ಥವಾಗಲಿಲ್ಲ.

"ಅವ್ವ ಹೇಳಿದ್ ಮೇಲೆ ನಾವು ಸೊಲ್ಲು ಕೊಡ್ತಿದ್ವಲ್ಲ, ನಾನು, ನಿಮ್ಮ ದೊಡ್ಡಮ್ಮ, ಕೆಳಗಿನ ಮನೆಯವರು. ಒಬ್ಬಳೇ ಹೇಳಿದ್ರೆ ಅದು ಸೋಬಾನೆ ಹೆಂಗಾಯ್ತದೆ?"

ನಾನು ಕಸವೆಂದು ತೆಗೆದದ್ದು ಅಮ್ಮನ ದನಿಯನ್ನು. ನಾಲ್ಕೈದು ಹೆಂಗಸರು ಒಟ್ಟಿಗೆ ಹೇಳಿದಾಗ ಒಂದೇ ಗಂಟಲಿನ ಮೇಲೆ ನಂಬಿಕೆಯಿದ್ದ ಆ ಲೆಕ್ಕ ಸೋತು ಎಲ್ಲರನ್ನೂ ಗರಗರ ಮಾಡಿತ್ತು. ಯಂತ್ರಕ್ಕೆ ಅದು ಅರ್ಥವಾಗಲಿಲ್ಲ, ಸರಿ. ಪ್ಲೇಯರ್ ಹಿಡಿದಿದ್ದವಳು ಅಮ್ಮ, ಅಂದಮೇಲೆ ಅದಕ್ಕೆ ಅತಿ ಹತ್ತಿರದ ದನಿ ಅವಳದೇ ಆಗಿರಬೇಕು ಎನ್ನುವುದು ನನಗೆ ಹೊಳೆಯಬೇಕಿತ್ತು. ತಾರೀಖಿನ ವಿಷಯದಲ್ಲಿ ಯಂತ್ರವನ್ನು ನಂಬದ ನಾನು ದನಿಯ ವಿಷಯದಲ್ಲಿ ಅದನ್ನು ಪೂರ್ತಿ ನಂಬಿಬಿಟ್ಟಿದ್ದೆ.

ನಮ್ಮ ನಾಗಮಂಗಲ ತಾಲ್ಲೂಕಿನವರೇ ಆದ ಎಚ್.ಎಲ್. ನಾಗೇಗೌಡರು ಟೇಪ್‌ರೆಕಾರ್ಡರಿನೊಂದಿಗೆ ಜನಪದ ಹಾಡುಗಳನ್ನು ಸಂಗ್ರಹಿಸಿ ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. 1994ರಿಂದ ಅದು ನಮ್ಮೆದುರಿಗಿದೆ. ಅಂಥ ಸಂಗ್ರಹಗಳಿಂದಲೇ ನಾನು ಜಾನಪದ ಓದಿದ್ದು, ಆ ಋಣ ದೊಡ್ಡದು. ಅಲ್ಲಿ ಹಾಡುವವರ ಎದುರು ಹಾಡು ಬೇಕಾದವರೊಬ್ಬರು ಮೈಕ್ ಹಿಡಿದು ಕೂತಿರುತ್ತಾರೆ. ಅಮ್ಮನ ಮುದ್ರಣದಲ್ಲಿ ಹಿಡಿದವಳೂ ಹಾಡುತ್ತಿದ್ದಳು. ಗುಣಮಟ್ಟದಲ್ಲಿ ಯಾವ ಸಂಗ್ರಹಾಲಯವೂ ಅದನ್ನು ಒಪ್ಪಲಾರದು. ಆದರೆ ಸೆರಗಿನೊಳಗೆ ಹೊರುವಷ್ಟು ಹಗುರಾಗಿ, ಚೀಟಿ ದುಡ್ಡಿಗೆ ಎಟಕುವಷ್ಟು ಅಗ್ಗವಾಗಿ ಇದ್ದ ಕಾರಣಕ್ಕೇ ಆ ಯಂತ್ರ ಆ ಹೊತ್ತಿನಲ್ಲಿ ಅಲ್ಲಿತ್ತು. ಅಗ್ಗವಾಗಿದ್ದ ಕಾರಣಕ್ಕೇ ಅರ್ಧ ದನಿಗಳನ್ನು ಕೆಡಿಸಿತು. ಎರಡನ್ನೂ ಒಟ್ಟಿಗೆ ಬರೆಯದಿದ್ದರೆ ಅದರ ಚರಿತ್ರೆ ಪೂರ್ತಿಯಾಗುವುದಿಲ್ಲ.

ಕತ್ತರಿಸಿದ ಪ್ರತಿಯನ್ನು ಅಳಿಸಿಹಾಕಿದೆ. ಮೂಲ ಫೈಲನ್ನು ಮೂರು ಕಡೆ ಇಟ್ಟಿದ್ದೇನೆ. ಮುಂದಿನ ವಾರ ದೊಡ್ಡಮ್ಮ ಬರುತ್ತಾಳೆ. ಗರಗರ ಸದ್ದನ್ನು ಇಬ್ಬರಿಗೂ ಕೇಳಿಸಿ, ಎಲ್ಲಿ ಯಾರು ಯಾವ ಸಾಲಿಗೆ ಸೊಲ್ಲು ಕೊಟ್ಟರು ಎಂದು ಬರೆದುಕೊಳ್ಳಬೇಕು. ಯಂತ್ರಕ್ಕೆ ಕೇಳಿಸದ್ದು ಅವರಿಗೆ ಇನ್ನೂ ಕೇಳಿಸುತ್ತದೆ.